ಕಂಪ್ಯೂಟರಿನೆದುರು ಆಡಲು ಬರುವ ಚದುರಂಗ ಆಟಗಾರರಿಗೆ ಸಂಭಾವನೆ ನಿಗದಿ ಮಾಡುವ ಕ್ರಮ

ಮಂಗಳೂರಿನಲ್ಲೋ ಉಡುಪಿಯಲ್ಲೋ ಚದುರಂಗ ಸಂಘವೊಂದು ಗ್ರ್ಯಾಂಡ್‌ಮಾಸ್ಟರ್ ಒಬ್ಬರನ್ನು ಕರೆಸಿ ಕಂಪ್ಯೂಟರಿನೊಂದಿಗೆ ಆಡಿಸಲು ಹೊರಟಾಗ, ಸಮಿತಿಯ ಸಭೆಯಲ್ಲಿ ಮೊದಲು ಕೇಳಿಬರುವುದು ‘ಗೆದ್ದರೆ ಇಷ್ಟು ಬಹುಮಾನ’ ಎಂಬ ಮಾತು. ಆ ಲೆಕ್ಕವನ್ನು ಅಲ್ಲಿಯೇ ಕೈಬಿಡಬೇಕು. ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ ಎಂಬ ಚದುರಂಗ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡಿದರೂ ವಿಶ್ವ ಚಾಂಪಿಯನ್ನರಿಗಿಂತ ಬಲವಾಗಿ ಆಡುತ್ತದೆಯಾದ್ದರಿಂದ, ಗೆಲುವಿಗೆ ಮಾತ್ರ ಹಣವೆಂದರೆ ಏನೂ ಕೊಡುವುದಿಲ್ಲವೆಂದೇ ಅರ್ಥ. ಯಕ್ಷಗಾನದಲ್ಲಿ ದೇವಿಯ ಕೈಯಲ್ಲಿ ಮಡಿದನೆಂದು ಮಹಿಷಾಸುರನ ವೇಷಧಾರಿಯ ಸಂಬಳವನ್ನು ಯಾರೂ ಕಡಿಯುವುದಿಲ್ಲ. 1997ರಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರಿನೆದುರು ಸೋತ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರಿಗೂ 4 ಲಕ್ಷ ಡಾಲರ್ ಸಂದಿತ್ತು; ಗೆದ್ದವರ ಪಾಲು 7 ಲಕ್ಷ.

ಆದ್ದರಿಂದ ಮೊತ್ತದ ದೊಡ್ಡ ಪಾಲನ್ನು ಆಡುವುದಕ್ಕೇ ಮೀಸಲಿಡಿ. ನಾಲ್ಕು ಆಟಕ್ಕೆ 40,000 ರೂಪಾಯಿ ಕೂಡಿದೆ ಎಂದಿಟ್ಟುಕೊಳ್ಳಿ: 30,000 ಖಚಿತ ಸಂಭಾವನೆ, ಅದರ ಮೇಲೆ ಪ್ರತಿ ಡ್ರಾಕ್ಕೆ 1,000, ಗೆಲುವಿಗೆ 2,500. ಪ್ರಯಾಣ, ವಸತಿ, ಊಟದ ವೆಚ್ಚ ಇದರಿಂದ ಬೇರೆಯಾಗಿರಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬುವಂತಿಲ್ಲವಾದ್ದರಿಂದ ಬೆಂಗಳೂರಿನಿಂದ ಬರುವವರನ್ನು ಹಿಂದಿನ ದಿನವೇ ಕರೆಸಿಕೊಳ್ಳುವುದು ಲೇಸು. ತೆರಿಗೆ ಕಡಿತದ ಬಗ್ಗೆ ಲೆಕ್ಕಪರಿಶೋಧಕರನ್ನು ಮೊದಲೇ ವಿಚಾರಿಸಿ, ಕೈಗೆ ಬರುವ ಮೊತ್ತವೆಷ್ಟು ಎಂಬುದನ್ನು ಆಟಗಾರರಿಗೆ ತಿಳಿಸಿ.

ಡ್ರಾದ ಆಸೆಯಾದರೂ ಉಳಿಯಬೇಕಾದರೆ ಯಂತ್ರವು ರಿಯಾಯಿತಿ ಕೊಡಬೇಕು, ಅಂದರೆ ಕಾಯಿಯೊಂದನ್ನು ಬಿಟ್ಟುಕೊಡುವಂಥ ಹಿನ್ನಡೆಯೊಂದಿಗೆ ಆಟ ಆರಂಭಿಸಬೇಕು. 2016ರಲ್ಲಿ ಕೊಮೊಡೊ ಎಂಬ ಚದುರಂಗ ತಂತ್ರಾಂಶ ಪ್ರತಿ ಆಟಕ್ಕೂ ಬೇರೆ ಬೇರೆ ರಿಯಾಯಿತಿ ಕೊಟ್ಟು ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ನಕಮುರಾ ಅವರೊಂದಿಗೆ ನಾಲ್ಕು ಆಟ ಆಡಿತು. ಮೂರು ಡ್ರಾ ಆದವು, ಕೊನೆಯದನ್ನು ಯಂತ್ರ ಗೆದ್ದಿತು. ಒಂದು ಕಾಲಾಳಿನ ರಿಯಾಯಿತಿ ನಕಮುರಾ ಅವರಂಥವರಿಗೆ ಸರಿಹೋದೀತು. ನಮ್ಮ ಜಿಲ್ಲೆಯ ರೇಟೆಡ್ ಆಟಗಾರರಿಗೆ ಕುದುರೆಯನ್ನೇ ಬಿಟ್ಟುಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಒಪ್ಪಂದದಲ್ಲಿ ಎಂಜಿನ್ನಿನ (ಆಡುವ ತಂತ್ರಾಂಶದ) ಆವೃತ್ತಿ, ಯಂತ್ರದ ಸಾಮರ್ಥ್ಯ, ಸಮಯ ಮಿತಿ ಇವುಗಳನ್ನು ಬರೆಯಿರಿ. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಡೀಪ್ ಫ್ರಿಟ್ಸ್ ತಂತ್ರಾಂಶದ ಎದುರು ಕುಳಿತ ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್, ಯಂತ್ರ ತನ್ನ ಆರಂಭದ ನಡೆಗಳ ಸಂಗ್ರಹದಿಂದ ಆಡುತ್ತಿರುವವರೆಗೆ ಆ ಸಂಗ್ರಹವನ್ನು ತೆರೆಯ ಮೇಲೆ ತಾವೂ ನೋಡಬಹುದೆಂಬ ಷರತ್ತನ್ನು ಪಡೆದಿದ್ದರು. ಇಷ್ಟಾದರೂ ಎರಡನೇ ಆಟದಲ್ಲಿ ಯಂತ್ರ ಒಂದೇ ನಡೆಯಲ್ಲಿ ಕೊಡಬಹುದಾಗಿದ್ದ ಮೇಟ್ (ರಾಜನನ್ನು ಕಟ್ಟಿಹಾಕುವ ನಡೆ) ಅವರ ಕಣ್ಣು ತಪ್ಪಿತು.

ಯಂತ್ರದ ಪರವಾಗಿ ಕಾಯಿ ನಡೆಸುವವರ ವಿಷಯವನ್ನು ಹಗುರವಾಗಿ ಕಾಣಬಾರದು. ಉಡುಪಿಯಲ್ಲಿ ಒಂದು ಜುಲೈ ಭಾನುವಾರ ಆ ಕೆಲಸ ನನ್ನದಾಗಿತ್ತು. ಗ್ರ್ಯಾಂಡ್‌ಮಾಸ್ಟರರು ಆನೆಯನ್ನು ಹಲಗೆಯ ಡಿ1 ಮನೆಗೆ ತಂದರೆ ನಾನು ಲ್ಯಾಪ್‌ಟಾಪಿನಲ್ಲಿ ಇ1 ಒತ್ತಿದೆ, ಯಂತ್ರ ಅದಕ್ಕೇ ಉತ್ತರ ಕೊಟ್ಟಿತು, ಮೂರು ನಡೆಗಳ ನಂತರವೇ ಹಲಗೆಗೂ ತೆರೆಗೂ ತಾಳೆಯಿಲ್ಲವೆಂದು ತಿಳಿಯಿತು. ಹೀಗಾದಾಗ ಎಲ್ಲಿಗೆ ಹಿಂತಿರುಗಬೇಕು, ಗಡಿಯಾರವನ್ನು ಹೇಗೆ ಸರಿಪಡಿಸಬೇಕು ಎಂಬುದು ಒಪ್ಪಂದದಲ್ಲಿ ಇರಲೇಬೇಕು. ಅದೇ ಮಧ್ಯಾಹ್ನ ಕರೆಂಟು ಹೋಗಿ, ಬ್ಯಾಟರಿಗೆ ಇಳಿದ ಲ್ಯಾಪ್‌ಟಾಪಿನ ಲೆಕ್ಕಾಚಾರದ ವೇಗವೂ ಕುಸಿಯಿತು. ಯುಪಿಎಸ್ ಇಲ್ಲದೆ ಆಟಕ್ಕೆ ಕೂರಬೇಡಿ.

ಯಾರ ಸ್ಥಿತಿ ಮೇಲು ಎಂಬ ಯಂತ್ರದ ಅಂದಾಜು ತೋರಿಸುವ ಪರದೆ ಬೇರೆ ಕೋಣೆಯಲ್ಲಿರಲಿ. ಪ್ರೇಕ್ಷಕರ ಒಂದು ‘ಅಯ್ಯೋ’ ಸಾಕು, ಎಲ್ಲೋ ಏನೋ ತಪ್ಪಿದೆಯೆಂದು ಆಟಗಾರರಿಗೆ ಗೊತ್ತಾಗಿಬಿಡುತ್ತದೆ.

ಖಚಿತ ಮೊತ್ತದ ಅರ್ಧವನ್ನು ಟಿಕೆಟ್ ಕಾಯ್ದಿರಿಸುವಾಗಲೇ ಕೊಡಿ; ಉಳಿದದ್ದು ನಡೆಗಳನ್ನು ಬರೆದಿಡುವ ಕೊನೆಯ ಸ್ಕೋರ್‌ಶೀಟಿಗೆ ಸಹಿ ಬಿದ್ದ ಸಂಜೆಯೇ ಅವರ ಖಾತೆಗೆ ಹೋಗಲಿ.