ಮೂಗಿಗೆ ಕೆಲಸ ಕೊಟ್ಟ ಮೇಲೆ ನಮ್ಮ ನಾಯಿ ಶಾಂತವಾಯಿತು

ಪ್ರಾಣಿಗಳ ಶೆಲ್ಟರ್‌ನಿಂದ 2 ವರ್ಷದ ಬೀಗಲ್ ಮಿಶ್ರತಳಿಯ ನಾಯಿಯನ್ನು ತಂದ ಮೊದಲ ಮೂರು ವಾರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ದಿಂಬು ಹರಿಯಿತು, ಬಾಗಿಲು ಕೆರೆಯಿತು, ಹೊರಗೆ ಹೊರಟರೆ ತೋಳು ಕಿತ್ತುಬರುವಂತೆ ಎಳೆಯುತ್ತಿತ್ತು. ದಣಿದರೆ ಸರಿಹೋಗುತ್ತದೆಂದು ದಿನಾ ಒಂದು ಗಂಟೆ ಓಡಿಸಿದೆ. ಅದರ ದಮ್ಮು ಹೆಚ್ಚಿತೇ ಹೊರತು ಗಲಾಟೆ ತಗ್ಗಲಿಲ್ಲ.

ಒಂದು ಸಂಜೆ ಗೋಡೆಯ ಬುಡದಲ್ಲಿ ಮೂಗೂರಿ ನಿಂತುಬಿಟ್ಟಿತು. ಬಾಲ ನೆಟ್ಟಗೆ, ಹೊಳ್ಳೆಗಳು ಪಟಪಟ ಅದುರುತ್ತಿದ್ದವು. ನಾನು ಎಳೆಯದೆ ಸುಮ್ಮನೆ ಕಾದೆ. ನಾಲ್ಕೈದು ನಿಮಿಷದ ಮೇಲೆ ತಾನಾಗಿಯೇ ಮೈ ಕೊಡವಿ ನನ್ನ ಪಕ್ಕದಲ್ಲೇ ನಡೆಯಿತು. ಆಗ ಹೊಳೆಯಿತು: ವಾಸನೆಯ ಜಾಡು ಹಿಡಿಯಲೆಂದೇ ಬೆಳೆಸಿದ ತಳಿ ಇದು. ಕೆಲಸ ಬೇಕಿದ್ದದ್ದು ಮೂಗಿಗೆ, ಕಾಲಿಗಲ್ಲ.

ರಸ್ತೆಯಲ್ಲಿ ನಡೆಸಲು ಎದೆಯ ಮೇಲೂ ಕೊಂಡಿಯಿರುವ ಹಾರ್ನೆಸ್ (ಕತ್ತಿನ ಬೆಲ್ಟಿನ ಬದಲು ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ತಂದೆ. ಎಳೆತ ಅರ್ಧಕ್ಕರ್ಧ ಇಳಿಯಿತು. ಬಯಲಿಗೆ ಹೋದಾಗ 10 ಮೀಟರ್ ಹಗ್ಗ ಬಿಟ್ಟು ಮೂಸುವಷ್ಟು ಮೂಸಲು ಬಿಡುತ್ತೇನೆ. ಈ ಉದ್ದ ಹಗ್ಗವನ್ನು ಮಾತ್ರ ಬೆನ್ನಿನ ಕೊಂಡಿಗೇ ಕಟ್ಟಿ, ಇಲ್ಲದಿದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಊಟವನ್ನೂ ಬಟ್ಟಲಿಗೆ ಹಾಕುವುದು ಬಿಟ್ಟೆ. ಹಳೆಯ ಟವೆಲ್ ಮೇಲೆ ನಾಯಿಯ ಒಣ ಆಹಾರದ ಕಾಳುಗಳನ್ನು ಹರಡಿ, ಸುರುಳಿ ಸುತ್ತಿ ಕೊಡುತ್ತೇನೆ. ಮೂತಿಯಿಂದ ತಳ್ಳಿ, ಪಂಜದಿಂದ ಬಿಚ್ಚಿ, ಕೊನೆಯ ಕಾಳು ಸಿಗುವವರೆಗೂ ಬಿಡುವುದಿಲ್ಲ. 20 ನಿಮಿಷ ಬೇಕು, ಆಮೇಲೆ ಅದೇ ಟವೆಲ್ ಮೇಲೆ ನಿದ್ದೆ.

ಎರಡು ತಿಂಗಳಾಯಿತು, ಹೊಸ ದಿಂಬು ಹಾಗೇ ಇದೆ. ಬೇಲಿಯಿಲ್ಲದ ಜಾಗದಲ್ಲಿ ಮಾತ್ರ ಹಗ್ಗ ಬಿಚ್ಚುವುದಿಲ್ಲ. ಜಾಡು ಸಿಕ್ಕಿತೆಂದರೆ ನನ್ನ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ.