ಹಳೇ ಜಾವಾದ ಅಸಲಿ ಬಣ್ಣ ಪತ್ತೆ ಮಾಡುವುದು ಹೀಗೆ

ಹಳೇ ಜಾವಾ ಅಥವಾ ಯೆಜ್ಡಿ ಬೈಕ್ ರಿಪೇಂಟ್ ಮಾಡಿಸೋ ಮುಂಚೆ ಹೆಡ್‌ಲೈಟ್ ರಿಂಗ್ ಬಿಚ್ಚಿ ಒಳಗಿನ ಅಂಚು ನೋಡಿ. ಆಮೇಲೆ ಟೂಲ್ ಬಾಕ್ಸ್ ಒಳಗೆ, ಸೀಟಿನ ಅಡಿಯಲ್ಲಿ, ಟ್ಯಾಂಕಿನ ತಳದಲ್ಲಿ. ಅಲ್ಲಿ ನಾಲ್ಕಾಣೆ ಅಗಲದ ಜಾಗವನ್ನು 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ನುಣುಪಾದ ಉಪ್ಪು ಕಾಗದ) ನೀರಲ್ಲಿ ನೆನೆಸಿ, ದುಂಡಗೆ, ನಿಧಾನವಾಗಿ ಉಜ್ಜಿ. ಒಂದೊಂದು ಸಲದ ಪೇಂಟೂ ಒಂದೊಂದು ಬಳೆಯ ಹಾಗೆ ಕಾಣುತ್ತದೆ. ಎಲ್ಲಕ್ಕಿಂತ ಕೆಳಗಿನ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ತಗಡಿಗೆ ಹೊಡೆಯೋ ಅಸ್ತರಿನ ಮೇಲೆ ಕೂತಿರುವುದೇ ಮೈಸೂರು ಫ್ಯಾಕ್ಟರಿಯ ಬಣ್ಣ. ಗ್ಯಾರೇಜಿನವರು ಸಾಮಾನ್ಯವಾಗಿ ಕಣ್ಣಿಗೆ ಕಾಣೋ ಕಡೆ ಮಾತ್ರ ಪೇಂಟ್ ಹೊಡೆಯುತ್ತಾರೆ, ಅದಕ್ಕೇ ಮೂಲೆಗಳಲ್ಲಿ ಹಳೇದು ಉಳಿದಿರುತ್ತದೆ. ಬಿಸಿಲೂ ತಾಗದ್ದರಿಂದ ಮಾಸಿರುವುದೂ ಕಡಿಮೆ. ಒಣಗಿಸಿ ಉಜ್ಜಲೇಬೇಡಿ, ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಆ ಪುಡಿ ಎದೆಗೆ ಹೋಗುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ, ನನಗೆ ಅದೇ ಜಾಸ್ತಿ ಮುಖ್ಯ: ಟ್ಯಾಂಕ್, ಮಡ್‌ಗಾರ್ಡ್, ಟೂಲ್ ಬಾಕ್ಸ್ ಮೂರರ ತಳದ ಬಣ್ಣವೂ ಒಂದೇ ಆದರೆ ಅವು ಮೊದಲಿಂದಲೂ ಒಂದೇ ಗಾಡಿಯವು ಅನ್ನೋ ನಂಬಿಕೆ ಬರುತ್ತದೆ. ಒಂದು ಮಾತ್ರ ಬೇರೆ ಬಂದರೆ ಅದು ಬೇರೆ ಗಾಡಿಯಿಂದ ಬಂದದ್ದಿರಬೇಕು. ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ಅಂದಿನಿಂದ ಗುಜರಿ ಬಿಡಿಭಾಗ ಹಾಕಿಕೊಂಡೇ ಎಷ್ಟೋ ಗಾಡಿ ಓಡಿವೆ ಅಲ್ವಾ? ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಬರೀ ತಗಡಿಗೆ ಇಳಿಸಿದ್ದರೆ ಈ ಉಪಾಯ ನಡೆಯುವುದಿಲ್ಲ, ಏನೂ ಉಳಿದಿರುವುದಿಲ್ಲ. ಬಣ್ಣ ಸಿಕ್ಕಿದರೆ ಸ್ವಲ್ಪ ರಬ್ಬಿಂಗ್ ಪಾಲಿಶ್ ಹಚ್ಚಿ ಹೊಳಪು ಬರಿಸಿ, ಆ ಭಾಗವನ್ನೇ ಪೇಂಟ್ ಅಂಗಡಿಗೆ ಒಯ್ದು ಹಗಲು ಬೆಳಕಲ್ಲಿ ಹೊಂದಿಸಿ. ಮೊಬೈಲ್ ಫೋಟೋ ತೋರಿಸಿ ಬಣ್ಣ ಕಲಸಿಸಬೇಡಿ.