ಗೂಗಲ್ ಇಲ್ಲದ ಫೋನಿಗೆ ವಾಚ್: ರಾಯಚೂರು ಬಿಸಿಲಲ್ಲಿ ಕಾಣಬೇಕು, ಕನ್ನಡ ಮೆಸೇಜೂ ಬರಬೇಕು

ಫೋನಿಗೆ ಗ್ರಾಫೀನ್ ಓಎಸ್ ಅಥವಾ ಲಿನಿಯೇಜ್ ಓಎಸ್ (ಗೂಗಲ್ ಸೇವೆಗಳಿಲ್ಲದ ಆ್ಯಂಡ್ರಾಯ್ಡ್) ಹಾಕಿಕೊಂಡಿದ್ದರೆ ವಾಚಿಗಿಂತ ಮೊದಲು ಅದರ ಆ್ಯಪ್ ನೋಡಿ. ಖಾತೆ, ಲೊಕೇಶನ್, ಕಾಂಟ್ಯಾಕ್ಟ್ ಎಲ್ಲ ಕೇಳಿ ನಿಮ್ಮ ನಾಡಿಬಡಿತದ ಲೆಕ್ಕವನ್ನು ಕಂಪನಿ ಸರ್ವರಿಗೆ ಕಳಿಸುವ ಆ್ಯಪ್ ಹಾಕಿದರೆ, ಫೋನನ್ನು ಎಷ್ಟು ಭದ್ರ ಮಾಡಿದರೂ ದಂಡ. ಅದರ ಜಾಗಕ್ಕೆ ವಾಚನ್ನು ಫೋನಿಗೆ ಜೋಡಿಸುವ ಗ್ಯಾಜೆಟ್‌ಬ್ರಿಡ್ಜ್ ಆ್ಯಪ್ ಇದೆ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ, ಖಾತೆ ಬೇಡ, ಮುಖ್ಯ ಆವೃತ್ತಿ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಮಿ ಬ್ಯಾಂಡ್, ಅಮೇಜ್‌ಫಿಟ್ ಕೂಡ ಇದರ ಜೊತೆ ನಡೆಯುತ್ತವೆ. ಆದರೆ ಅವುಗಳ ಫರ್ಮ್‌ವೇರ್ (ವಾಚಿನೊಳಗಿನ ತಂತ್ರಾಂಶ) ಮುಚ್ಚಿದ್ದು. ಹೊಸ ಮಾದರಿಗಳನ್ನು ಜೋಡಿಸಲು ಬೇಕಾದ ಗುಪ್ತ ಕೀ ಪಡೆಯಲು ಒಮ್ಮೆಯಾದರೂ ಕಂಪನಿ ಖಾತೆ ತೆರೆಯಬೇಕು.

ಫರ್ಮ್‌ವೇರೂ ಓಪನ್ ಸೋರ್ಸ್ ಇರಬೇಕೆಂದರೆ ಹೋಲಿಸಿ ನೋಡಬೇಕಾದ ವಾಚುಗಳು ಎರಡು: ಪೈನ್‌ಟೈಮ್, ಬ್ಯಾಂಗಲ್.ಜೆಎಸ್ 2. ಪೈನ್‌ಟೈಮ್ ಅಗ್ಗ, ಒಳಗಿನ ಫರ್ಮ್‌ವೇರ್ ಇನ್ಫಿನಿಟೈಮ್ ಹಗುರ. 1.3 ಇಂಚಿನ ಐಪಿಎಸ್ ಪರದೆ ಮನೆಯೊಳಗೆ ಚೆಂದ, ನಡುಮಧ್ಯಾಹ್ನ ಹೊಲದಲ್ಲಿ ಮಂಕು. ಜಿಪಿಎಸ್ ಇಲ್ಲ, ಕನ್ನಡ ಅಕ್ಷರವೂ ಮೂಡುವುದಿಲ್ಲ. ಬ್ಯಾಂಗಲ್.ಜೆಎಸ್ 2ರ ಬೆಲೆ ಹೆಚ್ಚು, ಬಣ್ಣವೂ ಎಂಟೇ. ಆದರೆ ಪರದೆ ಸದಾ ಆನ್, ಬಿಸಿಲು ಬಿದ್ದಷ್ಟೂ ಸ್ಪಷ್ಟ, ಜಿಪಿಎಸ್ ಇದೆ. ಗ್ಯಾಜೆಟ್‌ಬ್ರಿಡ್ಜ್‌ನಲ್ಲಿ 'ಟೆಕ್ಸ್ಟ್ ಆಸ್ ಬಿಟ್‌ಮ್ಯಾಪ್ಸ್' ಆನ್ ಮಾಡಿದರೆ ಫೋನೇ ಅಕ್ಷರವನ್ನು ಚಿತ್ರವಾಗಿಸಿ ಕಳಿಸುತ್ತದೆ, ಕನ್ನಡ ಮೆಸೇಜ್ ಓದಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹೊರಗೆ ದುಡಿಯುವವರಿಗೆ ಇದೇ ಸರಿ. ಎರಡನ್ನೂ ಹೊರದೇಶದಿಂದಲೇ ತರಿಸುವುದಾದರೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೈನ್‌ಟೈಮ್‌ನಲ್ಲಿ ಸೀಲ್ ಮಾಡಿದ್ದನ್ನೇ ಕೇಳಿ. ಡೆವಲಪರ್‌ಗಳಿಗೆಂದು ಸೀಲ್ ಮಾಡದೆ ಮಾರುವ ಡೆವ್ ಕಿಟ್‌ಗೆ ನೀರು ತಾಗಬಾರದು.

ಜೋಡಿಸುವಾಗ, ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಬಳಕೆದಾರ ಪ್ರೊಫೈಲ್ ಇದ್ದರೆ ಮೆಸೇಜ್ ಆ್ಯಪ್‌ಗಳಿರುವ ಪ್ರೊಫೈಲಿನಲ್ಲೇ ಗ್ಯಾಜೆಟ್‌ಬ್ರಿಡ್ಜ್ ಹಾಕಿ. ನೋಟಿಫಿಕೇಶನ್ ಅನುಮತಿ ಒತ್ತಲು ಬಾರದಂತೆ ಮಸುಕಾಗಿದ್ದರೆ ಆ್ಯಪ್ ಮಾಹಿತಿಯ ಮೂರು ಚುಕ್ಕಿ ಒತ್ತಿ ನಿರ್ಬಂಧಿತ ಸೆಟ್ಟಿಂಗ್‌ಗೆ ಒಪ್ಪಿಗೆ ಕೊಡಿ. ಆಗಾಗ ಸಂಪರ್ಕ ಕಡಿದರೆ ಮೊದಲ ಅನುಮಾನ ಬ್ಯಾಟರಿ ಉಳಿತಾಯದ ಮೇಲೆ. ಈ ಆ್ಯಪ್‌ಗೆ ಅದನ್ನು ತೆಗೆದುಬಿಡಿ.

ಬ್ಯಾಂಗಲ್‌ಗೆ ಆ್ಯಪ್ ಹಾಕುವುದು ಕ್ರೋಮಿಯಂ ಬ್ರೌಸರಿನ ಬ್ಲೂಟೂತ್ ಮೂಲಕ. ಗ್ಯಾಜೆಟ್‌ಬ್ರಿಡ್ಜ್ ಸಂಪರ್ಕ ಬಿಡಿಸದಿದ್ದರೆ ಬ್ರೌಸರಿಗೆ ವಾಚ್ ಕಾಣುವುದೇ ಇಲ್ಲ. ನೋಟಿಫಿಕೇಶನ್ ಬರಲು 'ಆ್ಯಂಡ್ರಾಯ್ಡ್ ಇಂಟಿಗ್ರೇಶನ್' ಆ್ಯಪ್ ವಾಚಿನಲ್ಲಿ ಇರಲೇಬೇಕು. ಎಲ್ಲ ಮುಗಿದ ಮೇಲೆ ವಾಚಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ 'ಪ್ರೋಗ್ರಾಮಬಲ್' ಆಫ್ ಮಾಡಿ. ಹಾಗೇ ಬಿಟ್ಟರೆ ಬಸ್‌ನಲ್ಲಿ ಪಕ್ಕ ಕೂತವರೂ ವಾಚಿಗೆ ಕೋಡ್ ತುಂಬಬಹುದು, ಖಾಸಗಿತನಕ್ಕೆಂದೇ ಕೊಂಡ ವಾಚಿಗೆ! ಫರ್ಮ್‌ವೇರ್ ಹೊಸದಿದ್ದರೆ ಆಫ್ ಮಾಡಿದ ಮೇಲೂ ಗ್ಯಾಜೆಟ್‌ಬ್ರಿಡ್ಜ್ ನಡೆಯುತ್ತದೆ.

ಪೈನ್‌ಟೈಮ್ ಅಪ್‌ಡೇಟ್‌ನಲ್ಲಿ ಹೆಚ್ಚಿನವರು ಎಡವುವುದು ಕೊನೆಯಲ್ಲಿ. ಡಿಎಫ್‌ಯು (ಫರ್ಮ್‌ವೇರ್ ಅಪ್‌ಡೇಟ್) ಜಿಪ್ ಫೈಲನ್ನು ಬಿಚ್ಚದೆ ಹಾಗೇ ಗ್ಯಾಜೆಟ್‌ಬ್ರಿಡ್ಜ್‌ಗೆ ಕೊಡಿ, ಮುಗಿಯುವ ತನಕ ಫೋನ್ ಪಕ್ಕದಲ್ಲಿರಲಿ. ವಾಚ್ ಮತ್ತೆ ಚಾಲೂ ಆದ ಕೂಡಲೇ ಸೆಟ್ಟಿಂಗ್ಸ್, ಫರ್ಮ್‌ವೇರ್‌ಗೆ ಹೋಗಿ 'ವ್ಯಾಲಿಡೇಟ್' ಒತ್ತಿ. ಒತ್ತದಿದ್ದರೆ ಮುಂದಿನ ರೀಬೂಟ್‌ಗೆ ಹಳೆಯ ಆವೃತ್ತಿ ವಾಪಸ್. ಕೆಟ್ಟು ನಿಂತರೆ ಚಾಲೂ ಆಗುವಾಗ ಗುಂಡಿ ಒತ್ತಿ ಹಿಡಿಯಿರಿ: ಲೋಗೊ ನೀಲಿಯಾದಾಗ ಬಿಟ್ಟರೆ ಹಿಂದಿನ ಫರ್ಮ್‌ವೇರ್, ಕೆಂಪಾದಾಗ ಬಿಟ್ಟರೆ ರಿಕವರಿ.

ಬೇಸಿಗೆಯಲ್ಲಿ ಎರಡನ್ನೂ ಕಿಟಕಿ ಬಿಸಿಲಲ್ಲಿ, ಬೈಕ್ ಡಿಕ್ಕಿಯಲ್ಲಿ ಚಾರ್ಜ್‌ಗಿಡಬೇಡಿ. 45 ಡಿಗ್ರಿ ಮೀರಿದರೆ ಲಿಥಿಯಂ ಬ್ಯಾಟರಿಗೆ ಕೇಡು. ಬೆವರು, ಅದಿರಿನ ಧೂಳು ಕೂತು ಹಿಂಬದಿಯ ಚಾರ್ಜಿಂಗ್ ಬಿಂದುಗಳು ಕಚ್ಚದಿದ್ದರೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು.